ಹಗಲು ಮುಗಿಸುವ ಮಾತು

ಅಡಿವೆಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಹೇಳಬಾರದು ಎಂಬ ವ್ರತವೇನೂ ಇರಲಿಲ್ಲ. ನಾಲಗೆ ಆ ಕಡೆ ಹೊರಳುತ್ತಲೇ ಇರಲಿಲ್ಲ, ಅಷ್ಟೆ. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಸೀರೆ ಕೊಳ್ಳಲು ಬಂದವರಿಗೆ ಇದರ ಬಣ್ಣ ಬಿಡುತ್ತದೆ ಎಂದುಬಿಟ್ಟ. ಅಂಗಡಿ ಬಿಡಬೇಕಾಯಿತು. ತಂಗಿಯನ್ನು ನೋಡಲು ಬಂದ ಬೀಗರು ಕೇಳಿದ್ದಕ್ಕೆಲ್ಲ ಒಂದನ್ನೂ ಮುಚ್ಚಿಡದೆ ಉತ್ತರ ಕೊಟ್ಟ. ತಂಗಿ ಅವನೊಡನೆ ಮಾತು ಬಿಟ್ಟಳು.

ಅವನ ತಲೆ ನರೆಯತೊಡಗಿದ ಕಾಲಕ್ಕೆ ಪೇಟೆಯ ಡಾಕ್ಟರರೊಬ್ಬರು ಅವನನ್ನು ಕೂರಿಸಿಕೊಂಡು ಏನೇನೋ ಕೇಳಿದರು. ಇದಕ್ಕೆ ಆಟಿಸಂ ಅನ್ನುತ್ತಾರೆ, ಇದು ರೋಗವಲ್ಲ, ನೀವು ಹುಟ್ಟಿದ್ದೇ ಹೀಗೆ ಎಂದರು.

ಹೆಸರು ಸಿಕ್ಕಿತು. ಇರಲು ಜಾಗ ಸಿಗಲಿಲ್ಲ.

ಹೊಳೆಯ ದಂಡೆಯಲ್ಲಿ ಒಬ್ಬ ಅಜ್ಜನ ಆಶ್ರಮವಿದೆ, ನಿಮ್ಮಂಥವರೇ ಕೆಲವರು ಅಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ ಬದುಕಿದ್ದಾರೆ ಎಂದು ಆ ಡಾಕ್ಟರರೇ ದಾರಿ ಹೇಳಿದರು.

ಅಡಿವೆಪ್ಪ ಹೋದಾಗ ಹೊಳೆಯಜ್ಜ ನೀರಿನ ಕಡೆ ಮುಖ ಮಾಡಿ ಕೂತಿದ್ದರು. ಇವನು ಅಡ್ಡಬಿದ್ದಾಗಲೂ ತಿರುಗಿ ನೋಡಲಿಲ್ಲ.

“ಏನ್ ಬೇಕಾಗಿತ್ತು?”

“ಸತ್ಯ ಕಲೀಬೇಕ್ರಿ, ಅಜ್ಜಾರ.”

“ಅದು ನಿನಗ ಬರತೈತಿ. ಬ್ಯಾರೆ ಏನರ ಕಲಿ.”

ಅಷ್ಟಕ್ಕೇ ಅವನು ಅಲ್ಲಿಯವನಾದ.

ಆಶ್ರಮದಲ್ಲಿ ಗದ್ದಲವೆಂಬುದಿರಲಿಲ್ಲ. ಗಂಟೆಯ ನಾಲಗೆಗೆ ಯಾರೋ ಅರಿವೆ ಸುತ್ತಿದ್ದರು. ಊಟಕ್ಕೆ ಎಲ್ಲರೂ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಯಾರ ಕಣ್ಣನ್ನೂ ಯಾರೂ ನೋಡುತ್ತಿರಲಿಲ್ಲ.

ಬಾಗಿಲಿಗೆ ಒದ್ದೆ ಅರಿವೆ ತೂಗಿಬಿಟ್ಟಿದ್ದರೆ ಇವತ್ತು ಮಾತಾಡಿಸಬೇಡಿ ಎಂದು ಅರ್ಥ. ಆಗ ತಾಟನ್ನು ಹೊಸ್ತಿಲ ಹೊರಗಿಟ್ಟು, ಹೆಜ್ಜೆಯ ಸಪ್ಪಳವಾಗದಂತೆ ಹೋಗುತ್ತಿದ್ದರು. ಅನ್ನಕ್ಕೆ ಸಾರು ತಾಗಿದರೆ ಉಣ್ಣಲಾಗದವನಿಗೆ ಸಾರು ಬೇರೆ ಬಟ್ಟಲಲ್ಲಿ ಬರುತ್ತಿತ್ತು. ಹೊಸ ಬಟ್ಟೆ ಮೈಗೆ ಮುಳ್ಳಾಗುವವಳಿಗೆ ಇನ್ನೊಬ್ಬಳು ಆ ಸೀರೆಯನ್ನು ತಾನು ಉಟ್ಟು, ಒಗೆದು, ಮೆತ್ತಗಾದ ಮೇಲೆ ಕೊಡುತ್ತಿದ್ದಳು. ಇದನ್ನು ಯಾರೂ ಬಾಯಿಬಿಟ್ಟು ಕೇಳಿದ್ದು ಅಡಿವೆಪ್ಪನಿಗೆ ಕಾಣಲಿಲ್ಲ.

ಅವನು ಅಡುಗೆಮನೆಯ ಪಾತ್ರೆ ಬೆಳಗುವ ಕೆಲಸ ಹಿಡಿದ. ಬೆಳಗಿ, ದೊಡ್ಡದರ ಪಕ್ಕ ಸಣ್ಣದು ಬರುವಂತೆ ಜೋಡಿಸಿಡುತ್ತಿದ್ದ. ಜೋಡಿಸಿದ್ದನ್ನು ಯಾರೂ ಕದಲಿಸಲಿಲ್ಲ. ಬದುಕಿನಲ್ಲಿ ಮೊದಲ ಸಲ ಅವನ ಬಿಗಿದ ಭುಜಗಳು ಸಡಿಲಾದವು.

ಒಂದು ಸಂಗತಿ ಮಾತ್ರ ಅವನನ್ನು ಕಾಡತೊಡಗಿತು.

ಸಂಜೆಯಾಗುತ್ತಲೇ ಹೊಳೆಯ ಕಡೆಯಿಂದ ಒಬ್ಬ ಹೆಂಗಸಿನ ದನಿ ಬರುತ್ತಿತ್ತು. ವಯಸ್ಸಾದ ದನಿ. ತುಸು ಒಡೆದದ್ದು.

“ಹೊತ್ತು ಮುಳುಗೇತಿ. ದೀಪ ಹಚ್ಚೀನಿ. ಒಳಗ ಬಾ ತಮ್ಮಾ.”

ಆ ದನಿ ಕೇಳುತ್ತಲೇ ಬಾಳಪ್ಪ ಎದ್ದು ಬರುತ್ತಿದ್ದ. ಬಾಳಪ್ಪ ಎತ್ತರದ ಆಳು. ಹಗಲೆಲ್ಲ ಹೊಳೆಯ ಮೆಟ್ಟಿಲ ಮೇಲೆ ಕೂತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ದನಿ ಬಂದೊಡನೆ ಹಗ್ಗ ಕೆಳಗಿಟ್ಟು, ಕೈ ತೊಳೆದು, ಒಳಗೆ ಬಂದು ಉಂಡು ಮಲಗುತ್ತಿದ್ದ.

ಆದರೆ ಆ ಹೆಂಗಸು ಒಳಗೆ ಬರುತ್ತಿರಲಿಲ್ಲ. ಊಟದ ಸಾಲಿನಲ್ಲಿ ಇರುತ್ತಿರಲಿಲ್ಲ. ಬೆಳಿಗ್ಗೆ ಬಾವಿಯ ಹತ್ತಿರವೂ ಇರುತ್ತಿರಲಿಲ್ಲ. ಅಷ್ಟೂ ಕೋಣೆಗಳಲ್ಲಿ ಅಂಥ ದನಿಯ ಮುದುಕಿ ಯಾರೂ ಇರಲಿಲ್ಲ.

ಅಡಿವೆಪ್ಪ ಅಜ್ಜನ ಬಳಿ ಹೋದ.

“ಅಜ್ಜಾರ, ಸಂಜಿ ಮುಂದ ಕರಿಯೂ ಆಕಿ ಯಾರ್ರಿ?”

“ಫಕೀರವ್ವ.”

“ಎಲ್ಲಿ ಅದಾಳ್ರಿ?”

ಅಜ್ಜ ಕೈ ತೋರಿಸಿದರು. ಬೇವಿನ ಗಿಡದ ಬುಡದಲ್ಲಿ ಮಣ್ಣಿನ ಒಂದು ದಿಬ್ಬವಿತ್ತು. ಅದರ ಮೇಲೆ ಹುಲ್ಲು ಬೆಳೆದಿತ್ತು.

ಅಡಿವೆಪ್ಪನಿಗೆ ಭಯವಾಯಿತು. ಆದರೂ ಅವನು ಓಡಿಹೋಗಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲದಂತೆಯೇ ಬಿಟ್ಟುಬಿಡುವುದು ಅವನಿಗೆ ಆಗದ ಮಾತು. ಮರುದಿನ ಸಂಜೆ ದನಿ ಬರುವ ಹೊತ್ತಿಗೆ ಹೊಳೆಯ ಹಾದಿಯಲ್ಲಿ ನಿಂತ.

ದನಿ ಬಂತು. ಮುರುಕು ಗೋಡೆಯ ಆಚೆಯಿಂದ ಬಂತು. ಅವನು ಗೋಡೆ ಬಳಸಿ ಹೋಗಿ ನೋಡಿದ.

ಅಲ್ಲಿ ದ್ಯಾಮಣ್ಣ ನಿಂತಿದ್ದ. ದಪ್ಪ ಮೈಯ, ಎದೆತನಕ ಗಡ್ಡ ಇಳಿದ ಗಂಡಸು. ಅವನ ಬಾಯಿಂದ ಒಂದೂ ಮಾತು ಹೊರಟದ್ದನ್ನು ಅಡಿವೆಪ್ಪ ಅದುವರೆಗೆ ಕೇಳಿರಲಿಲ್ಲ. ಮೂಗ ಎಂದೇ ತಿಳಿದಿದ್ದ. ಈಗ ಆ ಗಡ್ಡದ ನಡುವಿನಿಂದ ಸತ್ತ ಮುದುಕಿಯ ದನಿ ಬರುತ್ತಿತ್ತು. ಕೊನೆಗೆ ಎಳೆದುಕೊಂಡ ಉಸಿರು ಕೂಡ ಹೆಂಗಸಿನದು.

ಆಮೇಲೆ ಅಡುಗೆಮನೆಯವರು ವಿಷಯ ಹೇಳಿದರು. ದ್ಯಾಮಣ್ಣನಿಗೆ ತನ್ನದೆಂಬ ಮಾತು ಹುಟ್ಟುವುದಿಲ್ಲ. ಕೇಳಿದ್ದನ್ನು ಕೇಳಿದಂತೆಯೇ ಹಿಂದಿರುಗಿಸುತ್ತಾನೆ, ಅದೂ ಯಾವಾಗಲೋ ಒಮ್ಮೆ. ಫಕೀರವ್ವ ಬದುಕಿದ್ದಷ್ಟು ದಿನ ಬಾಳಪ್ಪನನ್ನು ಒಳಗೆ ಕರೆಯುತ್ತಿದ್ದವಳು ಅವಳೇ. ಅವಳನ್ನು ಮಣ್ಣು ಮಾಡಿದ ದಿನ ಸಂಜೆ ದ್ಯಾಮಣ್ಣ ತಾನಾಗಿಯೇ ಗೋಡೆಯ ಹಿಂದೆ ಹೋಗಿ ನಿಂತಿದ್ದ.

ಇದನ್ನೆಲ್ಲ ಕೇಳಿದ ಮೇಲೆ ಅಡಿವೆಪ್ಪನ ಭಯ ಹೋಯಿತು. ಅದರ ಜಾಗದಲ್ಲಿ ಸಿಟ್ಟು ಬಂತು. ಸತ್ತವಳು ಕರೆಯುತ್ತಾಳೆಂದು ನಂಬಿ ಒಬ್ಬ ಬದುಕುತ್ತಿದ್ದಾನೆ. ಎಲ್ಲರೂ ಸೇರಿ ಅವನನ್ನು ನಂಬಿಸಿದ್ದಾರೆ. ಇಂಥ ಕಡೆ ತಾನು ಸತ್ಯ ಕಲಿಯಲು ಬಂದೆನಲ್ಲ ಎಂದುಕೊಂಡ.

ಅವನು ನೇರವಾಗಿ ದ್ಯಾಮಣ್ಣನ ಮುಂದೆ ಹೋಗಿ ನಿಂತ.

“ಆಕಿ ಸತ್ತಾಳ. ನೀ ಆಡೂದು ಸುಳ್ಳು. ಇನ್ನ ಆಡಬ್ಯಾಡ.”

ದ್ಯಾಮಣ್ಣ ನೆಲ ನೋಡುತ್ತ ನಿಂತಿದ್ದ. ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಹಲ್ಲಿನಲ್ಲಿ ಕಚ್ಚಿಕೊಂಡು, ಅಲ್ಲಿಂದ ಹೋದ.

ಆ ಸಂಜೆ ಹೊಳೆಯ ಕಡೆಯಿಂದ ಯಾವ ದನಿಯೂ ಬರಲಿಲ್ಲ.

ಬಾಳಪ್ಪ ಮೆಟ್ಟಿಲಿನಿಂದ ಏಳಲಿಲ್ಲ. ಕತ್ತಲಾಯಿತು. ಅವನ ಕೈ ಹಗ್ಗ ಹೊಸೆಯುತ್ತಲೇ ಇತ್ತು. ಬೆಳಗಾದಾಗಲೂ ಹೊಸೆಯುತ್ತಿತ್ತು. ಹಗ್ಗ ಮೆಟ್ಟಿಲಿಳಿದು ನೀರಿನೊಳಗೆ ಹೋಗಿ, ಹರಿವಿನಲ್ಲಿ ಹಾವಿನಂತೆ ಆಡುತ್ತಿತ್ತು. ಪಕ್ಕದಲ್ಲಿಟ್ಟ ತಾಟು ಹಾಗೆಯೇ ಇತ್ತು.

ಆಶ್ರಮದಲ್ಲಿ ಯಾರೂ ಅಡಿವೆಪ್ಪನನ್ನು ಬೈಯಲಿಲ್ಲ. ಒಂದೊಂದೇ ಬಾಗಿಲಿಗೆ ಒದ್ದೆ ಅರಿವೆ ಬಂತು. ಅದರ ಮರುದಿನಕ್ಕೆ ಅರಿವೆಯಿಲ್ಲದ ಬಾಗಿಲು ಅವನದು ಮಾತ್ರ. ಅಂಗಳದುದ್ದಕ್ಕೂ ಅರಿವೆಗಳಿಂದ ನೀರು ತೊಟ್ಟಿಕ್ಕುವ ಸಪ್ಪಳ. ಅದರ ಹೊರತು ಇನ್ನೇನೂ ಇಲ್ಲ.

ಅವನಿಗೆ ತಡೆದುಕೊಳ್ಳಲಾಗಲಿಲ್ಲ.

“ಅಜ್ಜಾರ, ನಾ ಖರೇ ಮಾತ ಹೇಳೀನಿ. ತಪ್ಪೇನ್ರಿ?”

“ಬಾಳಪ್ಪಗ ಕೇಳಿದೇನು?”

ಕೇಳಿರಲಿಲ್ಲ. ಅವನು ಹೊಳೆಗೆ ಹೋದ.

ಶ್ರಾವಣದ ಮೋಡ ನೀರಿನ ಮೇಲೆಯೇ ಕೂತಂತಿತ್ತು. ಆಚೆ ದಡ ಕಾಣುತ್ತಿರಲಿಲ್ಲ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಹೊಳೆ ಸದ್ದಿಲ್ಲದೆ ಏರುತ್ತಿತ್ತು. ಬಾಳಪ್ಪ ಕೂತ ಮೆಟ್ಟಿಲು ಆಗಲೇ ಮುಳುಗಿತ್ತು. ನೀರು ಅವನ ಮೊಣಕಾಲು ದಾಟಿತ್ತು. ಅವನು ಕದಲಿರಲಿಲ್ಲ.

ಅವನನ್ನು ಹಿಡಿದು ಎಳೆಯುವಂತಿರಲಿಲ್ಲ. ಯಾರ ಕೈ ತಾಗಿದರೂ ಬೆಂಕಿ ತಾಗಿದಂತೆ ಕೊಸರಾಡುವ ಮನುಷ್ಯ. ಆ ಹರಿವಿನಲ್ಲಿ ಕೊಸರಾಡಿದರೆ ಇಬ್ಬರೂ ಹೋಗುತ್ತಿದ್ದರು. ಅಡಿವೆಪ್ಪ ಮೇಲಿನ ಮೆಟ್ಟಿಲಲ್ಲಿ ನಿಂತು ಕೇಳಿದ.

“ಬಾಳಪ್ಪ, ಫಕೀರವ್ವ ಸತ್ತದ್ದು ನಿನಗ ಗೊತ್ತಿಲ್ಲೇನು?”

“ಗೊತ್ತೈತಿ. ಕುಣಿ ತೋಡಿದಾಂವ ನಾನ.”

ಹಾಗಾದರೆ ಇವನನ್ನು ಯಾರೂ ನಂಬಿಸಿರಲಿಲ್ಲ. ದಿನವೂ ಕರೆಯುವುದು ಯಾರೆಂದು ಇವನಿಗೆ ಮೊದಲಿನಿಂದಲೂ ಗೊತ್ತಿತ್ತು.

“ಹಂಗಾದ್ರ ಯಾರ ದಾರಿ ಕಾಯಾಕತ್ತಿ?”

“ಯಾರದೂ ಇಲ್ಲ. ಹಗಲ ಮುಗೀತು ಅಂತ ಯಾರರ ಹೇಳಬೇಕು. ಹೇಳದಿದ್ರ ನನಗ ಅದು ಮುಗಿಯೂದಿಲ್ಲ.”

ಬಾಳಪ್ಪ ಅವನ ಕಡೆ ನೋಡಲಿಲ್ಲ. ಕೈ ಹೊಸೆಯುತ್ತಲೇ ಇತ್ತು. ಬೆರಳು ಒಡೆದು ನಾರು ಕೆಂಪಾಗಿತ್ತು.

“ನೀವೆಲ್ಲಾ ಮುಂದ ಹೋಗೀರಿ. ನನಗ ಇನ್ನೂ ಮೊನ್ನೆ ಐತಿ.”

ಅಡಿವೆಪ್ಪ ಓಡಿದ. ದ್ಯಾಮಣ್ಣ ತನ್ನ ಕೋಣೆಯ ಮೂಲೆಯಲ್ಲಿ ಹಿಂದಕ್ಕೂ ಮುಂದಕ್ಕೂ ತೂಗುತ್ತ ಕೂತಿದ್ದ. ಟವೆಲ್ ಬಾಯಲ್ಲೇ ಇತ್ತು. ನನ್ನದು ತಪ್ಪಾಯಿತು, ಬಂದು ಒಂದು ಸಲ ಕರೆ ಎಂದು ಅಡಿವೆಪ್ಪ ಬೇಡಿಕೊಂಡ. ನೆಲಕ್ಕೆ ಹಣೆ ಹಚ್ಚಿದ. ದ್ಯಾಮಣ್ಣ ತೂಗುವುದು ನಿಲ್ಲಲಿಲ್ಲ.

ಅವನು ಮತ್ತೆ ಅಜ್ಜನ ಬಳಿ ಬಂದ. ಬೆಳಕು ಕಡಿಮೆಯಾಗತೊಡಗಿತ್ತು.

“ಅಜ್ಜಾರ, ಆಂವ ಬಾಯಿ ಬಿಡವಲ್ಲ. ನೀರು ಏರಾಕತ್ತೈತ್ರಿ.”

“ನೀ ಕರಿ.”

ಆಗುವುದಿಲ್ಲ ಎಂದ ಅಡಿವೆಪ್ಪ. ಅವನು ಅಳುತ್ತಿದ್ದ. ಆ ಮಾತು ನನ್ನದಲ್ಲ, ದೀಪ ಹಚ್ಚಿದ್ದೇನೆ ಅನ್ನಬೇಕು, ನಾನು ಎಲ್ಲಿ ಹಚ್ಚಿದ್ದೇನೆ, ನಾಲಗೆ ಹೊರಳುವುದಿಲ್ಲ ಎಂದ.

ಅಜ್ಜ ಮೊದಲ ಸಲ ನೀರಿನಿಂದ ಮುಖ ತಿರುಗಿಸಿದರು. ಮಗ್ಗುಲಲ್ಲಿದ್ದ ಲಾಟೀನನ್ನು ಅವನ ಮುಂದೆ ಸರಿಸಿದರು. ಅದರ ಮೇಲೆ ಬೆಂಕಿಪೊಟ್ಟಣ ಇಟ್ಟರು.

“ಹಚ್ಚು.”

ಅವನು ಕಡ್ಡಿ ಗೀರಿದ. ಕಡ್ಡಿ ಆರಿತು. ಇನ್ನೊಂದು ಗೀರಿದ. ದೀಪ ಹತ್ತಿತು.

ಲಾಟೀನು ಹಿಡಿದು ಅವನು ಮೆಟ್ಟಿಲಿಳಿದ. ನೀರು ಬಾಳಪ್ಪನ ಎದೆಗೆ ಬಂದಿತ್ತು. ಕೈಗಳು ನೀರಿನ ಒಳಗೇ ಹೊಸೆಯುತ್ತಿದ್ದವು. ಅಡಿವೆಪ್ಪ ಮೋಡ ನೋಡಿದ. ಹೊತ್ತು ಮುಳುಗಿದ್ದು ಖರೆ. ಕೈಯಲ್ಲಿನ ದೀಪ ನೋಡಿದ. ಅದೂ ಖರೆ. ಬಾಳಪ್ಪ ತನಗಿಂತ ಹಿರಿಯ.

“ಹೊತ್ತು ಮುಳುಗೇತಿ. ದೀಪ ಹಚ್ಚೀನಿ. ಒಳಗ ಬಾ ಅಣ್ಣಾ.”

ದನಿ ನಡುಗುತ್ತ ಸಣ್ಣಗೆ ಹೊರಟಿತು. ಹೊಳೆ ಅದನ್ನು ನುಂಗಿಹಾಕಿತು. ಬಾಳಪ್ಪ ಕದಲಲಿಲ್ಲ. ನೀರು ಅವನ ಭುಜಕ್ಕೆ ಬಂತು.

ಆಗ ಅಡಿವೆಪ್ಪನ ಹಿಂದಿನಿಂದ ಯಾರೋ ಕೂಗಿದರು.

“ಹೊತ್ತು ಮುಳುಗೇತಿ. ದೀಪ ಹಚ್ಚೀನಿ. ಒಳಗ ಬಾ ಅಣ್ಣಾ.”

ಅದು ಫಕೀರವ್ವನ ದನಿಯಲ್ಲ. ಅಡಿವೆಪ್ಪನ ದನಿ. ಅವನದೇ ಗಂಟಲು, ಅವನದೇ ನಡುಕ, ಅಳು ತಡೆದುಕೊಂಡಿದ್ದ ಜಾಗವೂ ಅವನದೇ. ಆದರೆ ಅದು ಅವನಿಗೆಂದೂ ಬಾರದಷ್ಟು ದೊಡ್ಡದಾಗಿತ್ತು. ನೀರಿನ ಮೇಲೆ ಹಾದು ಕಾಣದ ದಡದವರೆಗೂ ಹೋಯಿತು. ಅವನು ತನ್ನ ಬಾಯಿ ಮುಟ್ಟಿ ನೋಡಿಕೊಂಡ. ತುಟಿಗಳು ಮುಚ್ಚಿದ್ದವು.

ಮೇಲಿನ ಮೆಟ್ಟಿಲಲ್ಲಿ ದ್ಯಾಮಣ್ಣ ನಿಂತಿದ್ದ. ಟವೆಲ್ ಕೆಳಗೆ ಬಿದ್ದಿತ್ತು.

ಬಾಳಪ್ಪನ ಕೈ ನಿಂತಿತು. ಅವನು ಹಗ್ಗ ಬಿಟ್ಟ. ನೀರಿನಲ್ಲೇ ಕೈ ತೊಳೆದ. ಆಮೇಲೆ ಎದ್ದು, ಒಂದೊಂದೇ ಮೆಟ್ಟಿಲು ಹತ್ತಿ, ಇಬ್ಬರನ್ನೂ ದಾಟಿ, ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ಯಾರೋ ತಾಟು ತಂದಿಟ್ಟರು. ಉಂಡ. ಮಲಗಿದ.

ಬೆಳಗಾದಾಗ ಬಾಗಿಲುಗಳಿಂದ ಅರಿವೆಗಳು ಹೋಗಿದ್ದವು. ಅಡಿವೆಪ್ಪ ಎಂದಿನಂತೆ ಪಾತ್ರೆ ಬೆಳಗಿದ. ಯಾರೋ ಅವನ ಪಕ್ಕದಲ್ಲಿ ಬೂದಿಯ ಬಟ್ಟಲು ತುಂಬಿಸಿಟ್ಟು ಹೋಗಿದ್ದರು. ಅವನಿಗೆ ಅಳು ಬಂತು.

ಸಂಜೆ ಅವನು ಅಡುಗೆಮನೆಯಲ್ಲಿದ್ದ. ಕೈಯಲ್ಲಿ ತಪ್ಪಲೆಯಿತ್ತು. ಬಾಯಿ ಮುಚ್ಚಿತ್ತು. ಹೊಳೆಯ ಕಡೆಯಿಂದ ಅವನ ದನಿ ಬಾಳಪ್ಪನನ್ನು ಕರೆಯಿತು. ಬಾಳಪ್ಪ ಎದ್ದು ಬಂದ.

ತಪ್ಪಲೆ ಅವನ ಕೈಯಿಂದ ಜಾರಿತು. ಅದು ಉರುಳುವುದನ್ನೂ ನೋಡದೆ ಅವನು ಕೋಣೆಗೆ ಹೋಗಿ ಬಟ್ಟೆ ಗಂಟು ಕಟ್ಟಿದ. ಗಂಟು ಹಿಡಿದೇ ಅಜ್ಜನ ಬಳಿ ಬಂದ.

ಅವರು ಮತ್ತೆ ನೀರಿನ ಕಡೆ ತಿರುಗಿ ಕೂತಿದ್ದರು.

ನನ್ನ ನಾಲಗೆಯಿಂದ ಒಬ್ಬ ಸಾಯುತ್ತಿದ್ದ, ನಾನು ಇಲ್ಲಿ ಇರಲು ತಕ್ಕವನಲ್ಲ, ಹೊರಟೆ ಎಂದ. ಆದರೆ ಅವನ ಕಾಲು ಹೊರಡಲಿಲ್ಲ. ಕೇಳಬೇಕಾದದ್ದು ಇನ್ನೂ ಒಳಗೇ ಇತ್ತು.

“ಅಜ್ಜಾರ, ಫಕೀರವ್ವ ಸತ್ತ ಮ್ಯಾಲೆ ಆಕಿ ದನಿ ಉಳೀತು. ನಾ ಇನ್ನೂ ಬದುಕೀನಿ. ನಾ ಹ್ವಾದ ಮ್ಯಾಲೂ ನನ್ನ ದನಿ ಇಲ್ಲಿ ಕರೀತಿರತೈತೇನ್ರಿ?”

ಅಜ್ಜ ಹೊಳೆ ನೋಡುತ್ತಲೇ ಹೇಳಿದರು.

“ಹೋಗೂದಿದ್ರ ಹೋಗು. ಇಲ್ಲಿ ಉಳಿದ ನಿನ್ನ ನಾವು ನೋಡ್ಕೋತೀವಿ.”