ಹಾಯಿ ದುರ್ಗಮ್ಮನ ಕಟ್ಟಳೆ

ಯಾವ ಅರಸನ ಕಾಲ, ಯಾವ ಸಂವತ್ಸರ ಅಂತ ಕೇಳಬೇಡಿ, ಹೇಳುವವರಿಗೂ ಗೊತ್ತಿಲ್ಲ. ಬಹಳ ಬಹಳ ಹಿಂದೆ, ಹೊಳೆ ಹೋಗಿ ಕಡಲಿಗೆ ಸೇರುವಲ್ಲಿ ಒಂದು ಊರಿತ್ತಂತೆ. ಹೊಳೆಯ ಆಚೆ ದಡದಲ್ಲಿ ಬಡಗುಕೇರಿ, ಈಚೆ ದಡದಲ್ಲಿ ತೆಂಕುಕೇರಿ. ಎರಡೂ ಕೇರಿಯವರು ಮೀನು ಹಿಡಿಯುವವರೇ, ಒಂದೇ ದೇವಿಗೆ ನಡೆದುಕೊಳ್ಳುವವರೇ, ಹೆಣ್ಣು ಕೊಟ್ಟು ತಂದು ಮಾಡುವವರೇ. ಆದರೆ ವರ್ಷದಲ್ಲಿ ಒಂದು ದಿನ ಮಾತ್ರ ಒಬ್ಬರ ಮುಖ ಇನ್ನೊಬ್ಬರಿಗೆ ಆಗುತ್ತಿರಲಿಲ್ಲವಂತೆ. ಅದು ಹಾಯಿ ಪಂದ್ಯದ ದಿನ.

ಮಳೆಗಾಲದಲ್ಲಿ ಮುಚ್ಚಿದ ಕಡಲು ನೂಲು ಹುಣ್ಣಿಮೆಗೆ ತೆರೆಯುತ್ತದಲ್ಲ, ಅವತ್ತು ಕಡಲಿಗೆ ತೆಂಗಿನಕಾಯಿ ಬಿಟ್ಟು, ಎರಡೂ ಕೇರಿಯ ದೋಣಿಗಳು ಹಾಯಿ ಏರಿಸಿ ಹೊರಡುತ್ತಿದ್ದವು. ಒಂದು ದೋಣಿಗೆ ಒಬ್ಬನೇ ಆಳು. ಹೊಳೆಬಾಯಿಯಿಂದ ಹೊರಟು, ಕಡಲೊಳಗಿನ ಆಮೆಗಲ್ಲನ್ನು ಸುತ್ತಿ, ತಿರುಗಿ ದಡ ಮುಟ್ಟಬೇಕು. ಯಾವ ಕೇರಿಯ ದೋಣಿ ಮೊದಲು ಬಂತೋ ಆ ಕೇರಿಗೆ ಇಡೀ ವರ್ಷ ಹೊಳೆಬಾಯಲ್ಲಿ ಮೊದಲ ಬಲೆ. ಉಬ್ಬರದ ಜೊತೆ ಏರಿ ಬರುವ ಮೀನೆಲ್ಲ ಮೊದಲ ಬಲೆಗೇ ಬೀಳುವುದು; ಎರಡನೆಯ ಬಲೆಗೆ ಉಳಿಯುವುದು ಏಡಿ, ಕಸ, ಬೈಗುಳ. ಹಾಗಾಗಿ ಅದು ಆಟ ಆಗಿರಲಿಲ್ಲವಂತೆ, ಹೊಟ್ಟೆಯ ಪ್ರಶ್ನೆ ಆಗಿತ್ತು.

ಕಟ್ಟಳೆ ಅಂತ ಒಂದೂ ಇರಲಿಲ್ಲ. ಯಾರಿಗೆ ಮೊದಲು ಗಾಳಿ ಸಿಕ್ಕಿತೋ ಅವನು ಹೊರಟ. ಕಲ್ಲಿನ ತನಕ ಹೋಗದೆ ನಡುವಲ್ಲೇ ತಿರುಗಿ ಬಂದು, ಸುತ್ತಿ ಬಂದೆ ಅಂತ ದೇವಿಯ ಮೇಲೆ ಆಣೆ ಇಡುವವರೂ ಇದ್ದರು. ಪಕ್ಕದವನ ಹಾಯಿಹಗ್ಗ ಕೊಯ್ದವರಿದ್ದರು, ಹುಟ್ಟಿನಲ್ಲಿ ಬುರುಡೆಗೆ ಬಾರಿಸಿದವರಿದ್ದರು. ಸಂಜೆ ದಡದಲ್ಲಿ ಆಗುತ್ತಿದ್ದ ಜಗಳ ಮೂರನೆಯ ದಿನಕ್ಕೂ ಮುಗಿಯುತ್ತಿರಲಿಲ್ಲವಂತೆ. ಆಮೇಲೆ ಅದೇ ಜನ ಅದೇ ಕೈಯಲ್ಲಿ ನೆಂಟಸ್ತಿಕೆಯ ಊಟ ಉಣ್ಣುತ್ತಿದ್ದರು. ನಮ್ಮ ಜನ ಹಾಗೆಯೇ, ಏನು ಮಾಡೋಣ.

ಆ ಊರಲ್ಲಿ ದುರ್ಗಿ ಅಂತ ಒಬ್ಬಳಿದ್ದಳು. ಬಡಗುಕೇರಿಯಲ್ಲಿ ಹುಟ್ಟಿ ತೆಂಕುಕೇರಿಗೆ ಸೊಸೆಯಾಗಿ ಬಂದವಳು. ಅಪ್ಪನಿಂದ ಹಾಯಿ ಹೊಲಿಯುವ ಕೆಲಸ ಕಲಿತಿದ್ದಳು. ಎರಡೂ ಕೇರಿಯ ಹಾಯಿಗಳು ಅವಳ ಕೈಯಲ್ಲೇ ಆಗಬೇಕು. ಬಟ್ಟೆ ಕೊಯ್ದು, ಮಡಿಕೆ ಇಟ್ಟು ಹೊಲಿದು, ಮರದ ತೊಗಟೆ ಕುದಿಸಿದ ಚೊಗರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿದಳೆಂದರೆ ಆ ಹಾಯಿ ಬಿರುಗಾಳಿಗೂ ಬಿಚ್ಚುತ್ತಿರಲಿಲ್ಲವಂತೆ. ಅವಳು ಸೂಜಿಗೆ ದಾರ ಪೋಣಿಸುವಾಗ ಗಾಳಿಯೇ ಉಸಿರು ಹಿಡಿದು ನಿಲ್ಲುತ್ತಿತ್ತು ಅಂತಾರೆ. ಅಷ್ಟೆಲ್ಲ ನಂಬಬೇಕಾಗಿಲ್ಲ. ಆದರೆ ದೂರದಲ್ಲಿ ಉಗುರಿನಷ್ಟು ಕಾಣುವ ಹಾಯಿ ನೋಡಿ, ಚುಕ್ಕಾಣಿಯಲ್ಲಿ ಯಾರು ಕೂತಿದ್ದಾರೆ ಅಂತ ಅವಳು ಹೇಳುತ್ತಿದ್ದದ್ದು ನಿಜವಂತೆ.

ಅವಳ ಗಂಡ ಜಟ್ಟಪ್ಪ. ಮಗು ಗೋಯ್ದ ಇನ್ನೂ ಸೊಂಟದ ಮೇಲಿದ್ದ ವರ್ಷ ಜಟ್ಟಪ್ಪ ಪಂದ್ಯಕ್ಕೆ ಇಳಿದ. ಆಮೆಗಲ್ಲು ಸುತ್ತುವಾಗ ಹಾಯಿ ಕಟ್ಟಿದ ಅಡ್ಡ ಬಿದಿರು ತಿರುಗಿ ತಲೆಗೆ ಬಡಿದು ನೀರಿಗೆ ಬಿದ್ದ. ದುರ್ಗಿ ದಡದಲ್ಲಿ ಜನರ ಹಿಂದೆ ನಿಂತು ಕಾಯುತ್ತಿದ್ದಳು, ಕಲ್ಲಿನ ಕಡೆ ಕಾಣುತ್ತಿರಲಿಲ್ಲ. ಬಡಗುಕೇರಿಯ ದೋಣಿ ಬಂತು, ಕೇಕೆ ಹಾಕಿದರು. ಉಳಿದವೂ ಬಂದವು. ಎಲ್ಲ ಆದಮೇಲೆ ಜಟ್ಟಪ್ಪನ ದೋಣಿ ತನ್ನಷ್ಟಕ್ಕೆ ತೇಲಿಕೊಂಡು ಬಂದು ಮರಳಿಗೆ ಮೂಗು ಚುಚ್ಚಿ ನಿಂತಿತು. ಒಳಗೆ ಯಾರೂ ಇರಲಿಲ್ಲ.

ಆವಾಗ ಎಲ್ಲರನ್ನೂ ಕೇಳಿದರು. ಒಬ್ಬ ಹೇಳಿದ, ಬಿದ್ದದ್ದು ನೋಡಿದೆ, ಹಿಂದಿನವರು ಎತ್ತಿಕೊಳ್ಳುತ್ತಾರೆ ಅಂದುಕೊಂಡೆ. ಇನ್ನೊಬ್ಬನೂ ಅದನ್ನೇ ಹೇಳಿದ, ಮತ್ತೊಬ್ಬನೂ ಅದನ್ನೇ. ಸುಳ್ಳು ಯಾರೂ ಹೇಳಲಿಲ್ಲ. ಎಲ್ಲರೂ ಅಂದುಕೊಂಡಿದ್ದರು, ಅಷ್ಟೇ. ಜಟ್ಟಪ್ಪ ಮತ್ತೆ ಸಿಗಲೇ ಇಲ್ಲವಂತೆ.

ದುರ್ಗಿ ಯಾರಿಗೂ ಶಾಪ ಹಾಕಲಿಲ್ಲ. ಮಗು ಮಲಗಿದ ಮೇಲೆ ಅಳುತ್ತಿದ್ದಳು, ಎದ್ದರೆ ಹೊಲಿಯುತ್ತಿದ್ದಳು. ಆದರೆ ಮುಂದಿನ ಹುಣ್ಣಿಮೆ ಹತ್ತಿರ ಬಂದು ಎರಡೂ ಕೇರಿಯವರು ಹರಿದ ಹಾಯಿ ತಂದು ಅಂಗಳದಲ್ಲಿ ಒಟ್ಟಿದರೆ, ಅವಳು ಸೂಜಿ ಮುಟ್ಟಲಿಲ್ಲವಂತೆ. ಕೇರಿಯ ಯಜಮಾನರು ಬಂದು ಕೇಳಿದರು. ಪಂದ್ಯಕ್ಕೆ ಕಟ್ಟಳೆ ಆಗುವ ತನಕ ಹಾಯಿ ಇಲ್ಲ ಅಂದಳು. ಹೆಣ್ಣು ಹೇಳಿದ ಕಟ್ಟಳೆಗೆ ದೋಣಿ ಓಡುತ್ತದೆಯೇ ಅಂತ ನಕ್ಕು ಹೋದರು. ಮನೆಗೆ ಹೋಗಿ ತಾವೇ ಹೊಲಿದರು. ಆ ಹಾಯಿ ಹೊಳೆಬಾಯಿ ದಾಟುವ ಮೊದಲೇ ಒಡೆದು, ಬಾವುಟದ ಹಾಗೆ ಚಿಂದಿಯಾಗಿ ಹಾರಿತಂತೆ. ಮತ್ತೆ ಬಂದರು. ಈ ಸಲ ನಗಲಿಲ್ಲ, ಮರಳ ಮೇಲೆ ಕೂತು ಕೇಳಿದರು.

ದುರ್ಗಿ ಹೇಳಿದ್ದು ಇಷ್ಟು. ಮರಳಲ್ಲಿ ಒಂದು ಬಿದಿರ ಗಳು, ನೀರಲ್ಲಿ ಒಂದು ಗಳು, ನಡುವೆ ಗೆರೆ. ಮೊದಲ ಶಂಖಕ್ಕೆ ಹಾಯಿ ಏರಬೇಕು, ಎರಡನೆಯದಕ್ಕೆ ಗೆರೆಯ ಹಿಂದೆ ಬರಬೇಕು, ಮೂರನೆಯದಕ್ಕೆ ಹೊರಡಬೇಕು. ಮೊದಲೇ ಗೆರೆ ದಾಟಿದವನು ತಿರುಗಿ ಬಂದು ಗಳು ಸುತ್ತಿ ಹೋಗಬೇಕು; ದೊಡ್ಡವನ ಮಗ ಆದರೂ ಸರಿ. ಕಡಲಲ್ಲಿ ಎರಡು ದೋಣಿ ಎದುರಾದರೆ ಬಲಗೆನ್ನೆಗೆ ಗಾಳಿ ಬಡಿಯುವವನಿಗೆ ದಾರಿ, ಎಡಗೆನ್ನೆಯವನು ಬಿಟ್ಟುಕೊಡಬೇಕು. ಕಲ್ಲು ಸುತ್ತುವಾಗ ಕಲ್ಲಿನ ಮಗ್ಗುಲಲ್ಲಿ ಇದ್ದವನಿಗೆ ಜಾಗ ಕೊಡಬೇಕು.

ಜಗಳ ಇದ್ದರೆ ನೀರಲ್ಲಿ ಬೇಡ, ದಡದಲ್ಲಿ. ಅದೂ ಉಟ್ಟ ಬಟ್ಟೆ ಒಣಗುವ ಮೊದಲು ಹೇಳಬೇಕು. ಒಣಗಿದ ಮೇಲೆ ತಂದ ದೂರಿಗೆ ಬೆಲೆ ಇಲ್ಲ. ಓಟದಲ್ಲಿ ಇದ್ದವನೇ ಹೇಳಬೇಕು, ದಡದಲ್ಲಿ ನಿಂತವರು ಬಾಯಿ ಹಾಕಬಾರದು, ಶಂಖ ಊದುವವರೂ ಹಾಕಬಾರದು. ಹೇಳಿದರೆ ಮಾತ್ರ ತೀರ್ಪು. ಈ ಮಾತು ಯಜಮಾನರಿಗೆ ಬಹಳ ಹಿಡಿಸಿತಂತೆ. ಮೂರು ದಿನದ ಜಗಳ ಒಂದು ಪಂಜೆ ಒಣಗುವಷ್ಟರಲ್ಲಿ ಮುಗಿಯುತ್ತದಲ್ಲ.

ಕೊನೆಗೆ, ಯಾರಾದರೂ ನೀರಿಗೆ ಬಿದ್ದರೆ ಕಂಡವನು ಎತ್ತಬೇಕು. ಎತ್ತಲು ನಿಂತವನು ಆಗ ಯಾವ ಜಾಗದಲ್ಲಿದ್ದನೋ ಆ ಜಾಗ ಅವನಿಗೇ. ಕಂಡೂ ಹೋದವನ ದೋಣಿ ಮೊದಲು ಬಂದರೂ ಬಂದ ಹಾಗಲ್ಲ. ಮೊದಲ ದೋಣಿ ಬಂದರೆ ಪಂದ್ಯ ಮುಗಿಯುವುದಿಲ್ಲ, ಕೊನೆಯದು ಬಂದರೆ ಮುಗಿಯುತ್ತದೆ. ಅಲ್ಲಿಯ ತನಕ ಯಾರೂ ಉಣ್ಣುವ ಹಾಗಿಲ್ಲ, ಶಂಖ ಹಿಡಿದವರು ಗೆರೆ ಬಿಟ್ಟು ಕದಲುವ ಹಾಗಿಲ್ಲ.

ಶಂಖ ಯಾರು ಹಿಡಿಯಬೇಕು ಅಂತ ಮಾತು ಬಂತು. ಎರಡೂ ಕೇರಿಗೆ ಸೇರಿದವಳು ಅವಳೊಬ್ಬಳೇ. ಅವಳ ಕೈಗೇ ಕೊಟ್ಟರು. ಅವತ್ತಿನಿಂದ ದುರ್ಗಿ ಹಾಯಿ ದುರ್ಗಮ್ಮ ಆದಳಂತೆ.

ವರ್ಷಗಳು ಹೋದವು. ಕಟ್ಟಳೆ ಒಗ್ಗಿತು, ಹುಟ್ಟಿನ ಏಟು ನಿಂತಿತು. ಯಾರೂ ನೀರಿಗೆ ಬೀಳಲಿಲ್ಲ. ಬಡಗುಕೇರಿಯಲ್ಲಿ ಶನಿಯಾರ ಅಂತ ಒಬ್ಬನಿದ್ದ, ಪ್ರತಿ ವರ್ಷವೂ ಪಂದ್ಯಕ್ಕೆ ಬಂದು ಪ್ರತಿ ವರ್ಷವೂ ಕೊನೆಗೆ ಬರುವವನು. ಒಳ್ಳೆಯ ದೋಣಿ, ಒಳ್ಳೆಯ ಹಾಯಿ, ಆದರೂ ಕೊನೆ. ಅವನಿಂದಾಗಿ ಇಡೀ ಊರು ಹಸಿದುಕೊಂಡು ಕಾಯಬೇಕು. ಮದುವೆಗೆ ಹೊರಟರೂ ಇವನು ಬಾಣಂತನಕ್ಕೆ ಮುಟ್ಟುತ್ತಾನೆ ಅಂತ ಹೆಂಗಸರು ಚೇಷ್ಟೆ ಮಾಡುತ್ತಿದ್ದರಂತೆ. ಅವನು ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ದುರ್ಗಮ್ಮನ ಎದುರಿಗೆ ಮಾತ್ರ ತಲೆ ಎತ್ತುತ್ತಿರಲಿಲ್ಲ.

ಗೋಯ್ದನಿಗೆ ಮೀಸೆ ಮೂಡಿತು. ತೆಂಕುಕೇರಿಗೆ ಮೊದಲ ಬಲೆ ಸಿಗದೆ ಎಷ್ಟೋ ವರ್ಷ ಆಗಿತ್ತು. ಎಲ್ಲರ ಆಸೆ ಈ ಹುಡುಗನ ಮೇಲೆ ಕೂತಿತ್ತು. ಅವನಿಗೆ ಹಾಯಿ ಹೊಲಿಯುವಾಗ ತಾಯಿ ಒಂದೇ ಅಂಚನ್ನು ಎರಡು ಸಲ ಬಿಚ್ಚಿ ಹೊಲಿದಳಂತೆ. ಅದುವರೆಗೆ ಅವಳು ಹಾಕಿದ ಹೊಲಿಗೆ ಬಿಚ್ಚಿದ್ದು ಯಾರೂ ನೋಡಿರಲಿಲ್ಲ.

ಹುಣ್ಣಿಮೆ ಬಂತು. ದುರ್ಗಮ್ಮ ಗೆರೆಯ ತುದಿಯ ಮಳಲ ದಿಬ್ಬದ ಮೇಲೆ ನಿಂತು ಮೂರು ಸಲ ಶಂಖ ಊದಿದಳು. ದೋಣಿಗಳು ಹೋದವು. ಆಮೆಗಲ್ಲಿನ ಹತ್ತಿರ ಬಡಗುಕೇರಿಯ ಈರ ಅನ್ನುವ ಹುಡುಗ ಮುಂದೆ, ಅವನ ಬೆನ್ನಿಗೇ ಗೋಯ್ದ. ಉಳಿದವರೆಲ್ಲ ಹಿಂದೆ, ಶನಿಯಾರ ಎಲ್ಲರಿಗಿಂತ ಹಿಂದೆ. ನೋಡ ನೋಡುತ್ತ ಈರನ ಹಾಯಿ ಗಾಳಿ ಕಳೆದುಕೊಂಡು ಪಟಪಟ ಬಡಿಯಿತು. ಚುಕ್ಕಾಣಿಯಲ್ಲಿ ಆಳಿಲ್ಲ ಅಂತ ದುರ್ಗಮ್ಮನಿಗೆ ತಿಳಿಯಿತು.

ಈಗ ಗೋಯ್ದ ನಿಲ್ಲಬೇಕು. ನಿಲ್ಲುತ್ತಾನೆ ಅಂತ ಅವಳು ನೋಡಿದಳು. ಅವನ ಹಾಯಿ ಒಂದು ಗಳಿಗೆ ಸಡಿಲಿತು. ಆಮೇಲೆ ಮತ್ತೆ ಹೊಟ್ಟೆ ತುಂಬಿಕೊಂಡು ದಡದ ಕಡೆ ತಿರುಗಿತು. ಅವನ ಹಿಂದಿನ ಹಾಯಿಯೂ ಹಾಗೆಯೇ ಬಂತು. ಅದರ ಹಿಂದಿನದೂ. ಒಂದೊಂದೂ ಅವಳೇ ಹೊಲಿದ ಹಾಯಿ. ಜಟ್ಟಪ್ಪ ಬಿದ್ದಾಗ ತಾನು ಕಾಣದೆ ಹೋದದ್ದನ್ನು ದೇವಿ ಈಗ ಕಣ್ಣೆದುರು ನಡೆಸಿ ತೋರಿಸಿದ ಹಾಗಾಯಿತಂತೆ ಅವಳಿಗೆ. ಓಡಿಹೋಗಿ ನೀರಿಗೆ ಹಾರಬೇಕು ಅನಿಸಿತು. ಶಂಖ ಹಿಡಿದವರು ಕದಲುವ ಹಾಗಿಲ್ಲ. ಹಾಗೇ ನಿಂತಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಗೋಯ್ದನ ದೋಣಿ ಮೊದಲು ದಡ ಮುಟ್ಟಿತು. ತೆಂಕುಕೇರಿ ಕುಣಿಯಿತು, ಅವನ ಕೊರಳಿಗೆ ಹಾರ ಹಾಕಿತು. ಉಳಿದ ದೋಣಿಗಳೂ ಬಂದವು. ಎಲ್ಲರಿಗಿಂತ ಕೊನೆಗೆ, ಯಾವತ್ತಿನ ಹಾಗೆ ನಿಧಾನವಾಗಿ, ಶನಿಯಾರನ ದೋಣಿ ಬಂತು. ಅದರಲ್ಲಿ ಇಬ್ಬರಿದ್ದರು. ಈರ ದೋಣಿಯ ಅಂಚಿಗೆ ಬಗ್ಗಿ ನೀರು ಕಾರುತ್ತಿದ್ದ. ಉಸಿರಿತ್ತು.

ದುರ್ಗಮ್ಮ ಮುಗಿತಾಯದ ಶಂಖ ಊದಿ ಗೆರೆಯ ಹತ್ತಿರ ಕೂತಳು. ದೂರು ಇದ್ದವರು ಹೇಳಿ ಅಂದಳು. ಯಾರೂ ಬಾಯಿ ಬಿಡಲಿಲ್ಲ. ಯಾರು ಬಿಡಬೇಕು? ಓಟದಲ್ಲಿದ್ದವರೆಲ್ಲ ಕಂಡೂ ಬಂದವರೇ. ಈರನಿಗೆ ಮಾತೇ ಬರುತ್ತಿರಲಿಲ್ಲ. ಶನಿಯಾರ ತಲೆ ತಗ್ಗಿಸಿ ನಿಂತಿದ್ದ. ಅವಳು ತಾನಾಗಿ ಕೇಳುವ ಹಾಗಿಲ್ಲ, ಕಟ್ಟಳೆ ಮಾಡಿದವಳು ಅವಳೇ. ಅವತ್ತು ಮೋಡ ಸರಿದು ಬಿಸಿಲು ಸುಡುತ್ತಿತ್ತು, ಗಾಳಿಯೂ ಇತ್ತು. ಹೆಗಲಿನ ಬಟ್ಟೆ ಒಣಗಿತು, ಪಂಜೆಯ ಮೇಲ್ಭಾಗ ಒಣಗಿತು. ಅಂಚು ಮಾತ್ರ ಹಸಿಯಿತ್ತು. ದುರ್ಗಮ್ಮ ಮಗನ ಪಂಜೆಯ ಅಂಚನ್ನೇ ನೋಡುತ್ತ ಕೂತಿದ್ದಳು. ಇದೊಂದು ಒಣಗಿದರೆ ತನ್ನ ಮಗ ಗೆದ್ದ ಹಾಗೆ, ಮತ್ತೆ ಯಾವತ್ತೂ ತನಗೆ ಮಗ ಇಲ್ಲದ ಹಾಗೆ ಅಂತ ಅವಳಿಗೆ ಅನಿಸಿತಂತೆ.

ಆವಾಗ ಗೋಯ್ದ ಎದ್ದು ಬಂದ. ಕೊರಳಿನ ಹೂವಿನ ಹಾರ ತೆಗೆದು ಮರಳ ಮೇಲಿಟ್ಟ. ಒದ್ದೆ ಅಂಚನ್ನು ಕೈಯಲ್ಲಿ ಹಿಡಿದು ತೋರಿಸಿದ.

"ಅವ್ವೀ, ದೂರು ಅದೆ. ನನ್ನ ಮೇಲೇ ಅದೆ. ಈರ ಬಿದ್ದದ್ದು ನಾ ಕಂಡೆ. ಹಿಂದೆ ಅಷ್ಟು ದೋಣಿ ಇದ್ವಲ್ಲ, ಯಾರಾದ್ರೂ ಎತ್ತತ್ರು ಅಂದ್ಕಂಡೆ."

ಅವನ ಅಪ್ಪನನ್ನು ಬಿಟ್ಟು ಬಂದವರು ಹೇಳಿದ ಮಾತೇ ಅದು, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ದುರ್ಗಮ್ಮ ಮಗನ ಮುಖ ನೋಡಿದಳು. ಅಷ್ಟು ವರ್ಷ ಅವಳು ಆ ದೋಣಿಗಳಲ್ಲಿ ಇದ್ದವರು ಕೆಟ್ಟವರು ಅಂದುಕೊಂಡೇ ಬದುಕಿದ್ದಳು. ಇವನು ಕೆಟ್ಟವನಲ್ಲ. ತಾನೇ ಎದೆಹಾಲು ಕೊಟ್ಟು ಸಾಕಿದವನು. ಹಾಗಾದರೆ ಅವರೂ ಅಲ್ಲ.  ಗೋಯ್ದನ ಹಿಂದೆ ಉಳಿದವರೂ ಒಬ್ಬೊಬ್ಬರೇ ಬಂದು ಒದ್ದೆ ಅಂಚು ಹಿಡಿದು ನಿಂತರು.

ಎಲ್ಲರ ದೋಣಿಯೂ ಬಂದ ಹಾಗಲ್ಲ ಅಂತ ತೀರ್ಪಾಯಿತು. ಉಳಿದದ್ದು ಒಂದೇ ದೋಣಿ. ಮೊದಲ ಬಲೆ ಶನಿಯಾರನಿಂದಾಗಿ ಬಡಗುಕೇರಿಗೆ ಹೋಯಿತು. ತೆಂಕುಕೇರಿಯವರು ಗೊಣಗುತ್ತಲೇ ಒಪ್ಪಿದರು. ಕೆಲವರು ಒಂದು ವರ್ಷ ದುರ್ಗಮ್ಮನ ಮನೆಯ ಮುಂದೆ ಹಾದು ಹೋಗಲಿಲ್ಲ ಅಂತಾರೆ.

ಆದರೆ ಶನಿಯಾರ ಹಾರಕ್ಕೆ ತಲೆ ಕೊಡಲಿಲ್ಲ. ನನಗೂ ಒಂದು ದೂರು ಹೇಳುವುದಿದೆ ಅಂದ. ಜಟ್ಟಪ್ಪ ಬಿದ್ದ ವರ್ಷ ಎಲ್ಲರ ಹಿಂದೆ ಇದ್ದವನು ತಾನೇ ಅಂತ ಹೇಳಿದ. ನೀರಲ್ಲಿ ಒಂದು ಕೈ ಕಂಡ ಹಾಗಾಗಿತ್ತು. ಮುಂದಿನವರು ಎತ್ತಿರಬೇಕು, ಇದು ಅಲೆ ಅಂದುಕೊಂಡು ಬಂದುಬಿಟ್ಟಿದ್ದ. ದಡದಲ್ಲಿ ಕೇಳಿದಾಗ ಹೇಳಲು ಬಾಯಿ ಬರಲಿಲ್ಲ; ಅವತ್ತಿನಿಂದ ಬೇಕೆಂದೇ ಎಲ್ಲರ ಹಿಂದೆ ಉಳಿದು ನೀರು ನೋಡಿಕೊಂಡು ಬರುತ್ತಿದ್ದ.

"ಆ ದಿನ ಉಟ್ಟ ಪಂಜೆ ನನ್ ಮೈ ಮೇಲೆ ಇನ್ನೂ ಒಣಗ್ಲಿಲ್ಲ ದುರ್ಗಕ್ಕ" ಅಂದನಂತೆ.

ದುರ್ಗಮ್ಮ ಎದ್ದು ಹೋಗಿ ತನ್ನ ಸೆರಗಿನಿಂದ ಆ ಮುದುಕನ ತಲೆ ಒರೆಸಿದಳು, ಬೆನ್ನು ಒರೆಸಿದಳು. ಇಬ್ಬರೂ ಅತ್ತರು. ನಾಚಿಕೆ ಪಡುವ ಅಳು ಆಗಿರಲಿಲ್ಲ ಅದು. ಆಮೇಲೆ ಅವಳು ಕೇಳಿದಳು, ಅಷ್ಟು ಜನ ಬಿಟ್ಟುಬಂದದ್ದನ್ನು ನೀನೊಬ್ಬ ಹೇಗೆ ಬಿಡಲಿಲ್ಲ ಅಂತ.

"ಬಿಡುಕೆ ನನ್ ಹಿಂದೆ ಯಾರಿದ್ರು? ನಂದೇ ಕೊನೇ ದೋಣಿ."

ಅವತ್ತು ದುರ್ಗಮ್ಮ ಇನ್ನೊಂದು ಕಟ್ಟಳೆ ಸೇರಿಸಿದಳು. ಅದೇ ಅವಳು ಮಾಡಿದ ಕೊನೆಯ ಕಟ್ಟಳೆ.

ದುರ್ಗಮ್ಮ ಹೋಗಿ ಎಷ್ಟು ತಲೆಮಾರು ಆಯಿತೋ. ಗಳುಗಳು ಇದ್ದ ಜಾಗವನ್ನು ಕಡಲು ತಿಂದಿದೆ. ಹಾಯಿ ದೋಣಿಗಳೂ ಕಮ್ಮಿ, ಪಂದ್ಯಕ್ಕೆಂದೇ ಎತ್ತಿಟ್ಟವು ಅಷ್ಟೇ. ಆದರೂ ನೂಲು ಹುಣ್ಣಿಮೆಯ ದಿನ ಎರಡೂ ಕೇರಿಯವರು ಗೆರೆಯ ಹಿಂದೆ ದೋಣಿ ನಿಲ್ಲಿಸುತ್ತಾರೆ. ಎರಡನೆಯ ಶಂಖ ಆದಮೇಲೆ, ಮೂರನೆಯದಕ್ಕೆ ಮೊದಲು, ದಡದಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ದಿಬ್ಬದ ಮೇಲೆ ನಿಂತ ಹೆಂಗಸು ಒಂದೊಂದು ದೋಣಿಯನ್ನೂ ಕೇಳುತ್ತಾಳೆ, ನಿನ್ನ ಹಿಂದೆ ಯಾರು ಅಂತ. ಗೆಲ್ಲಲೆಂದೇ ಬಂದ ಹುಡುಗರು, ಕಳೆದ ವರ್ಷ ಗೆದ್ದವರು, ಬೆಳಗ್ಗೆಯಿಂದ ಹಲ್ಲು ಕಚ್ಚಿಕೊಂಡು ಕೂತವರು, ಒಬ್ಬೊಬ್ಬರೂ ಸರದಿಯ ಪ್ರಕಾರ ಒಂದೇ ಮಾತು ಹೇಳುತ್ತಾರೆ. ನಂದೇ ಕೊನೇ ದೋಣಿ. ಹೇಳದವನಿಗೆ ಶಂಖ ಊದುವುದಿಲ್ಲ.