ಕಪ್ಪು ಕಿಟಕಿಯಿಂದ ಮಾತು ಹೊರತಂದವಳು

ಸೋಮಂತಿಪುರದ ಧೀರಮಲ್ಲ ದೊರೆ ಡಂಗುರ ಸಾರಿಸಿದ. "ಅರಮನೆಯ ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಮೂಡುವ ಮಾತನ್ನು ಹೊರಗೆ ತರುವ ಬಗೆ ಯಾವುದು? ಇದರ ಮೇಲೆ ದೊರೆಗಳು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಸೆರೆಮನೆ, ಹುಣ್ಣಿಮೆಯ ದಿನ ತಲೆದಂಡ."

ಆ ಕಿಟಕಿಯಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಅಪ್ಪಣೆ ಟೈಪ್ ಮಾಡಿದರೆ ಉತ್ತರ ಬಿಳಿ ಅಕ್ಷರದಲ್ಲಿ ಮೂಡುತ್ತದೆ. ಯಾವ ಊರಿಗೆ ಯಾವ ದಿನ ಕಾಲುವೆ ನೀರು ಎಂಬ ಪಟ್ಟಿ ಬರುತ್ತಿದ್ದುದು ಅದರಲ್ಲೇ. ಮೂವತ್ತು ಜನ ಬರೆಹಗಾರರು ಅದನ್ನು ನೋಡಿ ನೋಡಿ, ಒಂದೊಂದೇ ಅಕ್ಷರವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಮತ್ತೆ ಟೈಪ್ ಮಾಡುತ್ತಿದ್ದರು. ಅಕ್ಷರ ತಪ್ಪಿದರೆ ಛಡಿಯೇಟು. ಅವರಲ್ಲೊಬ್ಬ ಮಾದಯ್ಯ. ಒಂದು ದಿನ ಬೆರಳು ಸೋತು, ಬೇರೆಲ್ಲ ಕಡೆ ನಕಲು ಮಾಡಿಕೊಡುವ ಕಂಟ್ರೋಲ್ ಮತ್ತು ಸಿ ಎಂಬ ಜೋಡಿ ಕೀಲಿಗಳನ್ನು ಇಲ್ಲೂ ಒತ್ತಿಬಿಟ್ಟ. ಮೂರು ದಿನದಿಂದ ತಯಾರಾಗುತ್ತಿದ್ದ ಪಟ್ಟಿ ಅರ್ಧಕ್ಕೇ ಸತ್ತಿತು. ದೊರೆ ಅವನಿಗೂ ಹುಣ್ಣಿಮೆಯ ತಲೆದಂಡ ವಿಧಿಸಿ ಸೆರೆಗೆ ತಳ್ಳಿದ. ಎರಡು ಕೀಲಿಗೆ ಒಂದು ತಲೆ, ಆ ಊರಿನ ನ್ಯಾಯ ಅಷ್ಟು ಚೆನ್ನಾಗಿತ್ತು.

ಮಾದಯ್ಯನ ತಂಗಿ ಪುಟ್ಟೀರಮ್ಮ ಅದೇ ಅರಮನೆಯಲ್ಲಿ ಕಸ ಗುಡಿಸುವವಳು. ಡಂಗುರ ಕೇಳಿದವಳೇ ಪೊರಕೆ ಬಿಸಾಕಿ ಸಭೆಗೆ ಬಂದಳು. ಅವಳ ಮೈ ಉರಿಯುತ್ತಿತ್ತು. ಆ ಮಾತನ್ನು ಹೊರಗೆ ತರುವ ಬಗೆಯೆಲ್ಲ ಅವಳಿಗೆ ಗೊತ್ತಿತ್ತು. ಒಳಗೆ ಕಂಡದ್ದನ್ನು ಹೊರಗೆ ಆಡುವುದಿಲ್ಲವೆಂದು ಕೆಲಸಕ್ಕೆ ಸೇರುವ ದಿನವೇ ಅರಮನೆಯ ಆಳುಗಳೆಲ್ಲ ಆಣೆ ಇಡಬೇಕಿತ್ತು. ಆ ಆಣೆಗೆ ಕಟ್ಟುಬಿದ್ದು ಅವಳು ಅಣ್ಣನಿಗೂ ಬಾಯಿ ಬಿಟ್ಟಿರಲಿಲ್ಲ.

ಅವಳಿಗಿಂತ ಮುಂಚೆ ಇಬ್ಬರು ನಿಂತಿದ್ದರು. ದೊರೆ ಮೊದಲ ಒಗಟು ಹೇಳಿದ. "ಊರಿಗೆಲ್ಲ ನಕಲು ಮಾಡಿಕೊಡುವ ಜೋಡಿ ಕೀಲಿ ನನ್ನ ಕಪ್ಪು ಮನೆಯಲ್ಲಿ ಮಾತ್ರ ಕೊಲೆಗಾರ. ಅದನ್ನು ಮುಟ್ಟದೆ ನನ್ನ ಮಾತನ್ನು ಬೇರೆ ಮನೆಗೆ ಒಯ್ಯುವುದು ಹೇಗೆ?"

ಶಾಲು ಹೊದ್ದ ಪಂಡಿತರು ಕಿಟಕಿಯ ಚಿತ್ರ ತೆಗೆದು ತೋರಿಸಿದರು. "ಈ ಚಿತ್ರದಲ್ಲಿ ಒಂದು ಅಕ್ಷರ ತಿದ್ದಿ ನೋಡೋಣ" ಎಂದ ದೊರೆ. ಚಿತ್ರದೊಳಗಿನ ಅಕ್ಷರವನ್ನು ತಿದ್ದುವುದುಂಟೆ? ಪಂಡಿತರನ್ನು ಎಳೆದೊಯ್ದರು.

ನೆರೆನಾಡಿನ ರಾಜಕುಮಾರ ಮೌಸ್ ಹಿಡಿದು ಅಕ್ಷರಗಳ ಮೇಲೆ ಎಳೆದ. ಅವುಗಳ ಹಿಂಬದಿ ಬೆಳ್ಳಗೆ ಬೆಳಗಿತು, ಆದರೆ ಓಡುತ್ತಿದ್ದ ಸಾಲುಗಳು ನಿಂತುಬಿಟ್ಟವು. ದೊರೆ ಮೀಸೆಯಡಿ ನಕ್ಕು ಎರಡನೆಯದನ್ನು ಕೇಳಿದ. "ಓಡುತ್ತಿದ್ದವನು ನಿಂತ. ಅಲುಗುತ್ತಿಲ್ಲ, ಸತ್ತೂ ಇಲ್ಲ. ಅವನನ್ನು ಎಬ್ಬಿಸುವವರು ಯಾರು?" ರಾಜಕುಮಾರ ಬೆವೆತು ಹೋಗಿ ಕಂಪ್ಯೂಟರನ್ನೇ ಆರಿಸಿಬಿಟ್ಟ. ಅವನಿಗೂ ಪಂಡಿತರ ದಾರಿಯೇ ಆಯಿತು.

ಕಂಪ್ಯೂಟರ್ ಮತ್ತೆ ಹೊತ್ತಿ ಕಿಟಕಿಯಲ್ಲಿ ಸಾಲುಗಳು ಓಡತೊಡಗಿದಾಗ ಪುಟ್ಟೀರಮ್ಮ ಮುಂದೆ ಬಂದಳು. ಸಭೆಯಲ್ಲಿ ಯಾರೋ ಕಿಸಕ್ಕೆಂದರು.

"ಬುದ್ಧಿ, ಎರಡಕ್ಕೂ ಒಂದೇ ಉತ್ತರ" ಎಂದಳು. "ದೂಳು ಒರೆಸ್ವಾಗ ಒಂದ್ಸಲ ನನ್ನ ಬಟ್ಟೆಗೆ ಮೌಸು ಸಿಕ್ಕಂಡು ಎಳದೋಯ್ತು. ಅಕ್ಷರದ ಹಿಂದೆಲ್ಲ ಬೆಳ್ಳಗಾಗಿ ಕೆಲಸ ನಿಂತೋಯ್ತು. ಜೀವವೇ ಬಾಯಿಗೆ ಬಂತು. ಹಂಗೇ ಒರೆಸ್ತಾ ಎಂಟರ್ ಕೀಲಿ ಒತ್ತೋಯ್ತು ನೋಡಿ, ಮತ್ತೆ ಓಡಕ್ಕೆ ಶುರುವಾಯ್ತು. ಆಮೇಲೆ ಬೇರೆ ಕಡೆ ಅಂಟಿಸಿ ನೋಡಿದ್ರೆ, ಬೆಳ್ಳಗಾಗಿದ್ದ ಜಾಗದ ಮಾತು ಆಗಲೇ ನಕಲಾಗಿತ್ತು."

ಅವಳು ಮೌಸ್ ಎಳೆದಳು, ಎಂಟರ್ ಒತ್ತಿದಳು. ಪತ್ರ ಬರೆಯುವ ಕಿಟಕಿ ತೆರೆದು ಅಂಟಿಸಿದಳು. ಹತ್ತು ಊರಿನ ಹೆಸರು, ಒಂದಕ್ಷರ ಆಚೀಚೆ ಇಲ್ಲದೆ, ಬಂದು ಕೂತವು. ಬರೆಹಗಾರರು ತಮ್ಮ ಊದಿದ ಬೆರಳುಗಳನ್ನು ನೋಡಿಕೊಂಡರು.

ದೊರೆಯ ಮುಖ ಬಿಗಿಯಿತು. "ಮೂರನೆಯದು. ಹತ್ತು ಸಾವಿರ ಸಾಲುಗಳ ಪಟ್ಟಿ. ಕಿಟಕಿಯಲ್ಲಿ ಹಿಡಿಯುವುದು ಕೊನೆಯ ಕೆಲವೇ ಸಾಲು, ಮೇಲಿನವೆಲ್ಲ ಅಳಿಸಿಹೋಗುತ್ತವೆ. ಎಳೆದರೆ ಸಿಗುವುದಿಲ್ಲ. ಒಂದನ್ನೂ ಬಿಡದೆ ಹಿಡಿಯುವುದು ಹೇಗೆ?"

"ಅಪ್ಪಣೆ ಬರೆದ ಮೇಲೆ, ಅದರ ಕೊನೇಲಿ ನಿಂತ ಗೆರೆ ಇರೋ ಕೀಲಿ ಒತ್ತಬೇಕು. ಗೆರೆ ಮುಂದೆ ಕ್ಲಿಪ್ ಅಂತ ಇಂಗ್ಲಿಷಲ್ಲಿ ಬರೀಬೇಕು. ಆಗ ಸಾಲುಗಳು ಕಿಟಕೀಗೆ ಬರೋದೇ ಇಲ್ಲ ಬುದ್ಧಿ, ಹತ್ತು ಸಾವಿರವೂ ನೆಟ್ಟಗೆ ನಕಲಾಗಿ ಕೂತ್ಕತವೆ. ಎಲ್ಲಿ ಬೇಕೋ ಅಲ್ಲಿ ಅಂಟಿಸ್ಕಬೋದು."

"ಇದನ್ನು ನಿನಗೆ ಹೇಳಿಕೊಟ್ಟವರು ಯಾರು?"

"ಓದೋದು ನಮ್ಮಣ್ಣ ಕಲಿಸ್ದ. ಇದನ್ನ ನೀವೇ ಕಲಿಸಿದ್ರಿ. ನಿಮ್ಮ ಕೋಣೇಲಿ ದಿನಾ ಹಿಂಗೇ ಮಾಡ್ತಿದ್ರಿ, ನಾನು ಪಕ್ಕದಲ್ಲೇ ಗುಡಿಸ್ತಿದ್ದೆ. ಕಸ ಗುಡಿಸೋಳನ್ನ ಯಾರು ನೋಡ್ತಾರೆ? ಆಣೆ ಇತ್ತು, ಸುಮ್ಕಿದ್ದೆ. ಈಗ ನೀವೇ ಕೇಳಿದ್ರಿ, ಹೇಳ್ದೆ."

ಸಭೆಯಲ್ಲಿ ಗುಜುಗುಜು ಎದ್ದಿತು. ದೊರೆಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಮೂವತ್ತು ಜನರ ಬೆರಳು ಸವೆಸಿದ. ತಾನೇ ಹೇಳಿಕೊಡದ ಪಾಠಕ್ಕೆ ತಲೆ ಕೇಳಿದ. ಇಂಥವನನ್ನು ದೊರೆ ಎನ್ನಲು ನನಗಂತೂ ನಾಲಿಗೆ ಹೊರಳುವುದಿಲ್ಲ.

"ಏನು ಬೇಕು ಕೇಳು" ಎಂದ ಅವನು, ತಲೆ ತಗ್ಗಿಸಿ.

"ನಮ್ಮಣ್ಣನ್ನ ಬಿಡಿ. ಒಳಗಿರೋರನ್ನೆಲ್ಲ ಬಿಡಿ. ಈ ಮೂರು ಉತ್ತರ ಕಚೇರಿ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿ."

"ಎಲ್ಲರಿಗೂ ತಿಳಿದುಬಿಟ್ಟರೆ ನಾನಿನ್ನು ಏನಂತ ಒಗಟು ಕೇಳಲಿ?"

"ಕೇಳಬ್ಯಾಡಿ ಬುದ್ಧಿ."

ಅಂದೇ ಸೆರೆಮನೆಯ ಬಾಗಿಲು ತೆರೆಯಿತು. ಪಂಡಿತರೂ ರಾಜಕುಮಾರನೂ ಹಿಂದೆ ನೋಡದೆ ಓಡಿದರು. ಮಾದಯ್ಯ ಹೊರಗೆ ಬಂದು, ನಡೆದದ್ದನ್ನೆಲ್ಲ ಕೇಳಿ, ತಂಗಿಯ ಮುಖ ನೋಡಿದ.

"ನಿಂಗ್ ಮೊದಲೇ ಗೊತ್ತಿತ್ತೇನವ್ವ?"

"ಗೊತ್ತಿತ್ತಣ್ಣ. ಆಣೆ ಇಟ್ಟಿದ್ದೆ."

ಅವನು ಮೈಮೇಲಿನ ಸೆರೆಮನೆಯ ದೂಳು ಕೊಡವಿಕೊಂಡ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ದೊರೆಯ ಮೇಲೆ ಅವಳಿಗಿದ್ದ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೇ ತಿರುಗಿತು. "ತಪ್ಪಾಯ್ತಣ್ಣ" ಎಂದಳು.

ಅಂದಿನಿಂದ ಪುಟ್ಟೀರಮ್ಮ ಬರೆಹಗಾರರ ಗುರುವಾದಳು. ಅರಮನೆಯಲ್ಲಿ ಆಣೆ ಇಡಿಸುವ ಪದ್ಧತಿಯೂ ನಿಂತಿತು. ತನಗೆ ಗೊತ್ತಿದ್ದುದನ್ನು ಅವಳು ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು. ನಾನು ಕೇಳಿರಲಿಲ್ಲ, ಕೂರಿಸಿಕೊಂಡು ನನಗೂ ಹೇಳಿದಳು. ನೀವೂ ಕೇಳಿರಲಿಲ್ಲ, ನಾನೀಗ ಹೇಳಿದ್ದೇನೆ.