ಹೊರೆಗಲ್ಲು ಮತ್ತು ಬುಲ್ಡೋಜರ್

ಬೆಟ್ಟದೂರಿನ ಏರುದಾರಿಯಲ್ಲಿ, ತಲೆಹೊರೆ ಇಳಿಸಿ ಸುಧಾರಿಸಿಕೊಳ್ಳಲೆಂದು ಹಳಬರು ನಿಲ್ಲಿಸಿದ ಹೊರೆಗಲ್ಲೊಂದಿತ್ತು. ರಸ್ತೆ ಅಗಲ ಮಾಡಲು ಬಂದ ಬುಲ್ಡೋಜರ್, "ಏಯ್ ಮುದುಕ, ಈಗ ಹೊರೆ ಹೊರೋರು ಯಾರಿದ್ದಾರೆ? ನಿನ್ನನ್ನು ಕಣಿವೆಗೆ ತಳ್ಳುತ್ತೇನೆ" ಎಂದು ಗುಡುಗಿತು.

"ತಳ್ಳಪ್ಪ, ನಾನೆಲ್ಲಿ ಓಡಿಹೋಗಲಿ?" ಎಂದಿತು ಕಲ್ಲು.

ಬುಲ್ಡೋಜರ್ ಅಬ್ಬರಿಸಿ ನುಗ್ಗಿತು, ಕೆಮ್ಮಿತು, ನಿಂತೇಬಿಟ್ಟಿತು. ಡೀಸೆಲ್ ಮುಗಿದಿತ್ತು. ಡ್ರೈವರ್ ಜವರಯ್ಯ ಬೈದುಕೊಳ್ಳುತ್ತ ಕೆಳಗಿನ ಪೇಟೆಗೆ ಇಳಿದು, ಡೀಸೆಲ್ ಕ್ಯಾನು ತಲೆ ಮೇಲೆ ಹೊತ್ತು ಏದುಸಿರು ಬಿಡುತ್ತ ಹತ್ತಿಬಂದ. ಕಲ್ಲು ಕಂಡದ್ದೇ ಅದರ ಮೇಲೆ ಕ್ಯಾನು ಇಳಿಸಿ, "ನಮ್ಮಪ್ಪ, ನೀನಿಲ್ಲದಿದ್ದರೆ ನನ್ನ ಕುತ್ತಿಗೆ ಮುರೀತಿತ್ತು" ಎಂದು ಕೈಮುಗಿದ. ಆಮೇಲೆ ಡೀಸೆಲ್ ತುಂಬಿಸಿ, ಕಲ್ಲನ್ನು ಮುಟ್ಟದೆ ರಸ್ತೆಯನ್ನೇ ಪಕ್ಕಕ್ಕೆ ತಿರುಗಿಸಿದ.

ಬುಲ್ಡೋಜರ್ ತೆಪ್ಪಗೆ ಸುತ್ತಿಹೋಗುವಾಗ ಕಲ್ಲು ಹೇಳಿತು: "ಹುಷಾರು ಮರಿ. ಮತ್ತೆ ಹಸಿವಾದರೆ, ನಿನ್ನ ಬುತ್ತಿ ಇಳಿಸೋಕೆ ನಾನಿಲ್ಲೇ ಇರ್ತೀನಿ."